ಎರೆಮಣ್ಣಿನ ಸೈಟಿನಲ್ಲಿ ಗ್ಯಾರೇಜು, ವರ್ಕ್‌ಶಾಪ್: ಪಾಯದಿಂದ ಚಾವಣಿವರೆಗೆ ಸಲಹೆ ಬೇಕು

ಹದಡಿ ರಸ್ತೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹದಡಿ ರಸ್ತೆ ಕಡೆ ನಮ್ಮದು 60×80 ಅಡಿ ಸೈಟು, ಪೂರ್ವಕ್ಕೆ ಮುಖ. ಮುಂದಿನ ಅರ್ಧದಲ್ಲಿ ಮನೆ ಇದೆ, ಹಿಂದಿನದು ಖಾಲಿ. ಮನೆಯ ಉತ್ತರಕ್ಕೆ 12 ಅಡಿ ದಾರಿ ಬಿಟ್ಟಿದ್ದೇವೆ, ಗಾಡಿ ನೇರ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಮನೆಗೆ ತಾಗದ ಹಾಗೆ 30 ಅಡಿ ಉದ್ದ, 20 ಅಡಿ ಆಳದ ಗ್ಯಾರೇಜು ಮತ್ತು ವರ್ಕ್‌ಶಾಪ್ ಕಟ್ಟಬೇಕು ಅಂತಿದ್ದೇನೆ. ಒಂದು ಬೊಲೆರೊ ಒಳಗೆ ನಿಲ್ಲಬೇಕು, ಉಳಿದದ್ದು ಕೆಲಸಕ್ಕೆ. ಅಪ್ಪಾಜಿ ಹರಿಹರದಲ್ಲಿ ಟರ್ನರ್ ಆಗಿದ್ದವರು. ಅವರಿಗಾಗಿ ಒಂದು ಹಳೇ ಕಿರ್ಲೋಸ್ಕರ್ ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ) ನೋಡಿಟ್ಟಿದ್ದೇವೆ. ನನ್ನದು ವೆಲ್ಡಿಂಗ್, ಹಳೇ ಬೈಕುಗಳ ಕೆಲಸ, ಸ್ವಲ್ಪ ಮರಗೆಲಸ.

ಭೂಮಿ ಪಕ್ಕಾ ಎರೆ, ಕಪ್ಪು ಜೇಡಿಮಣ್ಣು. ಮೊದಲು ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಪಕ್ಕದ ಸೈಟಿನವರು ಕಟ್ಟಿಸಿದ ಶೆಡ್ಡಿಗೆ ಇನ್ನೂ ಎರಡು ಮಳೆಗಾಲ ಕಳೆದಿಲ್ಲ. ಆಗಲೇ ನೆಲ ನಡುವೆ ಎದ್ದಿದೆ, ಮೂಲೆಯ ಗೋಡೆಯಲ್ಲಿ ಓರೆ ಬಿರುಕು ಬಿಟ್ಟಿದೆ, ಶಟರ್ ಅರ್ಧಕ್ಕೆ ಬಂದು ನಿಲ್ಲುತ್ತದೆ. ನಾನು ವಿಚಾರಿಸಿದ ಗುತ್ತಿಗೆದಾರರು "ಶೆಡ್ ತಾನೇ, ಎರಡಡಿ ಪಾಯ ಸಾಕು" ಅಂದರು. ಪಕ್ಕದ ಶೆಡ್ ನೋಡಿದ ಮೇಲೆ ಆ ಮಾತು ಒಪ್ಪಲು ಮನಸ್ಸು ಬರುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸಿವಿಲ್ ಕೆಲಸ, ವಿದ್ಯಾನಗರ

ಸರ್, ನಿಮ್ಮ ಅನುಮಾನ ಸರಿಯಾಗಿದೆ. "ಶೆಡ್ ತಾನೇ" ಅನ್ನುವ ಮಾತು ಎರೆಮಣ್ಣಿನಲ್ಲಿ ತಲೆಕೆಳಗು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬುವಾಗ ಮೇಲಕ್ಕೆ ತಳ್ಳುವ ಒತ್ತಡ ಬಹಳ. ಮೂರು ಮಹಡಿ ಕಟ್ಟಡವಾದರೆ ಅದರ ಭಾರವೇ ಆ ಒತ್ತಡವನ್ನು ಸ್ವಲ್ಪವಾದರೂ ಅದುಮಿ ಹಿಡಿಯುತ್ತದೆ. ತಗಡಿನ ಶೆಡ್ಡಿಗೆ ಆ ಭಾರ ಎಲ್ಲಿಂದ ಬರಬೇಕು? ಹಗುರ ಕಟ್ಟಡಗಳೇ ಎರೆಯಲ್ಲಿ ಹೆಚ್ಚು ಎದ್ದು ಬೀಳುವುದು. ಕಾಂಪೌಂಡ್ ಗೋಡೆ, ಒಂದೇ ಮಹಡಿಯ ಮನೆ, ಶೆಡ್ಡಿನ ನೆಲ, ಇವೇ ಮೊದಲು ಒಡೆಯುತ್ತವೆ. ನೀವು ದುಡ್ಡು ಉಳಿಸುವುದಿದ್ದರೆ ಗೋಡೆಯಲ್ಲಿ ಉಳಿಸಿ, ಬಾಗಿಲಲ್ಲಿ ಉಳಿಸಿ, ಬಣ್ಣದಲ್ಲಿ ಉಳಿಸಿ. ನೆಲದ ಕೆಳಗೆ ಮಾತ್ರ ಉಳಿಸಬೇಡಿ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಯುಬಿಡಿಟಿ, ಬಿಐಇಟಿ ಎರಡೂ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ ನೋಡಿ. ಅದಕ್ಕೂ ಮುಂಚೆ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ನಾಲ್ಕು ಅಡಿ ಗುಂಡಿ ತೋಡಿ ತಳದ ಮಣ್ಣು ತೆಗೆಯಿರಿ. ಒಣಗಿಸಿ ಪುಡಿ ಮಾಡಿ, 425 ಮೈಕ್ರಾನ್ ಜರಡಿಯಲ್ಲಿ, ಸಿಗದಿದ್ದರೆ ತೀರ ನಯವಾದ ಜರಡಿಯಲ್ಲಿ ಹಿಡಿಯಿರಿ. 100 ಮಿಲಿಯ ಎರಡು ಅಳತೆ ಜಾಡಿಗೆ ಹತ್ತು ಹತ್ತು ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಡ್ಡಿಯಿಂದ ತಿರುವಿ ಗಾಳಿ ಗುಳ್ಳೆ ಹೋಗಿಸಿ, 24 ಗಂಟೆ ಮುಟ್ಟಬೇಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆ ಜಾಡಿಯ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿ. 20 ಒಳಗಿದ್ದರೆ ಚಿಂತೆ ಕಡಿಮೆ. 35 ದಾಟಿದರೆ ಹುಷಾರು. 50 ದಾಟಿದರೆ ಮಾಮೂಲಿ ಪಾಯದ ಮಾತೇ ಬೇಡ.

ಮೇಸ್ತ್ರಿ ಮನೆತನ, ಹರಿಹರ

ಎಂಜಿನಿಯರ್ ಸಾಹೇಬ್ರು ಹೇಳಿದ್ದು ಖರೆ ಐತಿ. ಆದ್ರೆ ನಮ್ ಕಡೆ ಹಿರೇರು ಕಾಲದಿಂದ ಮಾಡ್ಕೊಂಡ್ ಬಂದಿರೋ ದಾರಿ ಒಂದೈತಿ, ಅದನ್ನೂ ಕೇಳ್ರಿ ಅಣ್ಣ. ಎರೆ ತೆಗದು ಹೊರಗ ಹಾಕೋದು, ಗರಸು (ಮೊರಂ ಮಣ್ಣು) ತುಂಬೋದು. ಪಾಯದ ಸಾಲು ಒಂದೇ ಅಲ್ಲ, ಇಡೀ ಕಟ್ಟಡದ ಕೆಳಗ, ಸುತ್ತ ಎರಡಡಿ ಹೆಚ್ಚಿಗಿ ತೆಗೀಬೇಕು. ಮೂರಡಿ ಆಳ. ಆರಿಂಚಿಗೊಂದು ಪದರ ಗರಸು, ನೀರು ಚಿಮುಕಿಸಿ ಸಣ್ಣ ರೋಲರ್ ಇಲ್ಲಾ ದಿಮ್ಮಸು ಹೊಡಿಸೋದು, ಆಮೇಲೆ ಮುಂದಿನ ಪದರ. ಒಂದೇ ಸಲ ಟ್ರ್ಯಾಕ್ಟರ್ ಸುರುವಿ ಮೇಲೆ ನೀರು ಬಿಟ್ರೆ ಅದು ಕೂತಂಗ ಕಾಣ್ತತಿ, ಕೂತಿರಲ್ಲ.

ಮರಳು ತುಂಬಬ್ಯಾಡ್ರಿ. ಮರಳು ನೀರು ಕುಡಿದು ಕೆಳಗಿನ ಎರೆಗೇ ಕೊಡ್ತತಿ.

ಸಿವಿಲ್ ಕೆಲಸ, ವಿದ್ಯಾನಗರ

ಮೇಸ್ತ್ರಿಗಳು ಹೇಳಿದ ಕ್ರಮಕ್ಕೆ ಶಾಸ್ತ್ರದ ಆಧಾರವೂ ಇದೆ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿಯವರು ಇದರ ಮೇಲೆ ದೊಡ್ಡ ಕೆಲಸ ಮಾಡಿದ್ದಾರೆ. ಉಬ್ಬದ ಆದರೆ ಅಂಟುಗುಣ ಇರುವ ಮಣ್ಣಿನ ಪದರ ಮೇಲೆ ಕೂತರೆ ಕೆಳಗಿನ ಎರೆ ಉಬ್ಬುವುದೇ ತಗ್ಗುತ್ತದೆ ಎಂದು ಅವರು ತೋರಿಸಿದರು. ಎರೆ ಭೂಮಿಯಲ್ಲಿ ಹಾದುಹೋಗುವ ನಾಲೆಗಳ ಲೈನಿಂಗ್ ಕೆಳಗೆ ಇದೇ ಪದರ ಹಾಕುತ್ತಾರೆ. ಮರಳಿಗೆ ಅಂಟುಗುಣ ಇಲ್ಲ, ಆದ್ದರಿಂದ ಅದು ಈ ಕೆಲಸಕ್ಕೆ ಬರುವುದಿಲ್ಲ. ಗರಸು ಆರಿಸುವಾಗ ಸ್ವಲ್ಪ ಜೇಡಿ ಬೆರೆತ ಕೆಂಪು ಗರಸೇ ನೋಡಿ.

ನನ್ನ ಭಿನ್ನಾಭಿಪ್ರಾಯ ಒಂದೇ. ನೆಲಕ್ಕೆ ಗರಸು ಸರಿ, ಕಂಬಕ್ಕೆ ಸಾಲದು.

ಹದಡಿ ರಸ್ತೆ, ದಾವಣಗೆರೆ

ಪರೀಕ್ಷೆ ಮಾಡಿದೆ ಸರ್. ಸೀಮೆಎಣ್ಣೆಯಲ್ಲಿ ಮಣ್ಣು 11 ಮಿಲಿ ಗೀಟಿಗೆ ನಿಂತಿದೆ, ನೀರಿನಲ್ಲಿ 18. ಲೆಕ್ಕ ಹಾಕಿದರೆ 63 ದಾಟುತ್ತದೆ. ಅಪ್ಪಾಜಿ ಜಾಡಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಲೇತ್ ಇಡೋ ಜಾಗದಲ್ಲಿ ಇದು ಇರಕೂಡದು" ಅಂದರು. ಕಂಬಕ್ಕೆ ಏನು ಮಾಡಬೇಕು ಹೇಳಿ.

ಸಿವಿಲ್ ಕೆಲಸ, ವಿದ್ಯಾನಗರ

ಅಂಡರ್‌ರೀಮ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗಾಗಿಯೇ ರೂಢಿಗೆ ತಂದ ವಿಧಾನ ಇದು. ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗ ಪೂರ್ತಿ ಇದರ ಬಗ್ಗೆಯೇ ಇದೆ. ಕೈ ಆಗರ್‌ನಿಂದ (ಕೈಯಿಂದ ತಿರುಗಿಸುವ ಕೊರೆ) 10 ಅಥವಾ 12 ಇಂಚು ವ್ಯಾಸದ ಬಾವಿ ಕೊರೆಯುತ್ತಾರೆ. ತಳದ ಹತ್ತಿರ ಬೇರೆ ಸಲಕರಣೆ ಇಳಿಸಿ, ಕಂಬದ ವ್ಯಾಸದ ಎರಡೂವರೆ ಪಟ್ಟು ಅಗಲಕ್ಕೆ ಗಡ್ಡೆಯ ಹಾಗೆ ಹಿಗ್ಗಿಸುತ್ತಾರೆ. ಸರಳಿನ ಪಂಜರ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಎರೆಯಲ್ಲಿ ಮಳೆ ಬಿಸಿಲಿಗೆ ತೇವ ಏರಿಳಿಯುವುದು ಮೇಲಿನ ಮೂರೂವರೆ ಮೀಟರ್ ತನಕ, ಕೆಳಗೆ ಮಣ್ಣು ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿರುತ್ತದೆ. ಆ ಗಡ್ಡೆ ಅಲ್ಲಿ ಕೂತು ಎರಡು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎಳೆದಾಗ ಬಿಡದೆ ಹಿಡಿಯುತ್ತದೆ.

ನಿಮ್ಮ ಅಳತೆಗೆ ಉದ್ದದ ಎರಡೂ ಬದಿಗೆ ಸುಮಾರು ಹತ್ತು ಅಡಿಗೊಂದರಂತೆ ಒಟ್ಟು ಎಂಟು ಕಂಬ ಬರುತ್ತದೆ. ಕಂಬಗಳ ತಲೆ ಸೇರಿಸುವ ಪ್ಲಿಂತ್ ಬೀಮ್ ನೆಲಕ್ಕೆ ತಾಗಬಾರದು, ಕೆಳಗೆ ಕನಿಷ್ಠ 80 ಮಿಮೀ ಸಂದು ಇರಲಿ. ಮಣ್ಣು ಉಬ್ಬಿದರೆ ಆ ಸಂದಿನಲ್ಲಿ ಉಬ್ಬಲಿ, ಬೀಮಿಗೆ ಮುಟ್ಟದಿರಲಿ. ಬಹಳ ಕಡೆ ಪೈಲ್ ಮಾತ್ರ ಚೆನ್ನಾಗಿ ಹಾಕಿ, ಬೀಮನ್ನು ಮಣ್ಣಿನ ಮೇಲೇ ಸುರಿದುಬಿಡುತ್ತಾರೆ. ಹಾಗೆ ಮಾಡಿದರೆ ಪೈಲಿಗೆ ಕೊಟ್ಟ ದುಡ್ಡು ನೀರಿಗೆ ಹೋದಂತೆ. ಸಂದಿನೊಳಗೆ ಇಲಿ, ಹಾವು ಸೇರದಂತೆ ಹೊರಗಡೆ ಕಡಪ ಕಲ್ಲಿನ ಚಪ್ಪಡಿ ಓರೆಯಾಗಿ ನಿಲ್ಲಿಸಬಹುದು.

ನೆಲ ಮತ್ತು ಬೀಮ್ ಒಂದಕ್ಕೊಂದು ಅಂಟಬಾರದು. ನಡುವೆ ಮುಕ್ಕಾಲು ಇಂಚಿನ ಥರ್ಮಾಕೋಲ್ ಪಟ್ಟಿ. ನೆಲ ತನ್ನ ಪಾಡಿಗೆ ತಾನು, ಗೋಡೆ ತನ್ನ ಪಾಡಿಗೆ ತಾನು. ಮನೆಗೂ ಗ್ಯಾರೇಜಿಗೂ ನಡುವೆ ಮಾಡು ಹಾಕುವ ಯೋಚನೆ ಇದ್ದರೆ ಅದೂ ಎರಡೂ ಕಟ್ಟಡಕ್ಕೆ ಬಿಗಿಯಾಗಿ ಕೂರಬಾರದು.

ಮೇಸ್ತ್ರಿ ಮನೆತನ, ಹರಿಹರ

ಒಪ್ಪಿದೆ ಸಾಹೇಬ್ರೆ. ಕಂಬಕ್ಕ ಪೈಲು, ನೆಲಕ್ಕ ಗರಸು. ಅಣ್ಣ, ಗರಸಿನ ಲೆಕ್ಕ ಹಿಡ್ಕೊಳ್ರಿ: 24×34, ಮೂರಡಿ ಅಂದ್ರೆ 2,448 ಘನ ಅಡಿ. ಬಡಿದ ಮೇಲಿನ ಲೆಕ್ಕ ಅದು. ಸಡಿಲ ಗರಸು ಕಾಲುಭಾಗ ಹೆಚ್ಚಿಗಿ ಬೇಕು. ಟ್ರ್ಯಾಕ್ಟರ್ ಲೋಡಿಗೆ ನೂರು ಘನ ಅಡಿ ಅಂತ ಹಿಡದ್ರೆ ಮೂವತ್ತು ಲೋಡಿಗೆ ಕಮ್ಮಿ ಆಗಲ್ಲ. ತೆಗೆದ ಎರೆ ಮಾರಬ್ಯಾಡ್ರಿ, ತೋಟದೋರು ಬಂದು ಒಯ್ತಾರ, ಸಾಗಾಣಿಕೆ ಖರ್ಚು ಉಳಿತತಿ.

ಲೇತ್ ಮತ್ತು ಫಿಟ್ಟಿಂಗ್, ಹರಿಹರ

ಕಿರ್ಲೋಸ್ಕರ್ ಲೇತ್ ಅಂತ ಓದಿ ಕೈ ತಡೆಯಲಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತು ಎಷ್ಟೋ ವರ್ಷ ಆದರೂ ಅಲ್ಲಿ ತಯಾರಾದ ಲೇತುಗಳು ಇನ್ನೂ ಎಲ್ಲೆಲ್ಲೋ ತಿರುಗುತ್ತಿವೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಅವರು ಹೇಳಿದ ಮಾತಿನ ಕಾರಣ ಇಲ್ಲಿಯ ಉಳಿದವರಿಗೂ ತಿಳಿಯಲಿ. ಲೇತಿನ ಬೆಡ್, ಅಂದರೆ ಅದರ ಉದ್ದ ಪೀಠ, ಎರಕದ ಕಬ್ಬಿಣ, ಗಟ್ಟಿ ಕಾಣುತ್ತದೆ, ಆದರೆ ಕಾಲು ಕೂತ ನೆಲ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದರೂ ಬೆಡ್ ತಿರುಚಿಕೊಳ್ಳುತ್ತದೆ. ಆಗ ನೇರ ಟರ್ನಿಂಗ್ ಮಾಡಿದ ಶಾಫ್ಟು ಟೇಪರ್ (ಒಂದು ತುದಿ ದಪ್ಪ, ಒಂದು ತುದಿ ಸಣ್ಣ) ಬರುತ್ತದೆ. ಮೀಟರಿಗೆ 0.02 ಮಿಮೀ ತೋರಿಸುವ ಲೆವೆಲ್ ಇಟ್ಟು, ಕಾಲಿನ ಕೆಳಗೆ ಶಿಮ್ (ತೆಳು ತಗಡಿನ ತುಂಡು) ಹಾಕಿ ಮಟ್ಟ ಮಾಡುತ್ತೇವೆ. ನೆಲ ಋತುವಿಗೊಮ್ಮೆ ಉಸಿರಾಡುತ್ತಿದ್ದರೆ ಆ ಮಟ್ಟ ನಿಲ್ಲುವುದಿಲ್ಲ.

ಆದ್ದರಿಂದ ಲೇತಿನ ಜಾಗದಲ್ಲಿ ಕಾಂಕ್ರೀಟ್ 9 ಇಂಚು ದಪ್ಪ ಇರಲಿ, ಉಳಿದ ನೆಲದಿಂದ ಬೇರೆಯಾಗಿ ಕತ್ತರಿಸಿದ ತುಂಡಾಗಿರಲಿ. ಆಂಕರ್ ಬೋಲ್ಟಿನ ಗುಂಡಿ ಮೊದಲೇ ಬಿಡಿ, ಮಟ್ಟ ಮಾಡಿದ ಮೇಲೆ ಗ್ರೌಟ್ ತುಂಬಿ. ಲೇತಿನ ಹಿಂದೆ ಎರಡಡಿ ಬಿಡದಿದ್ದರೆ ಚೂರು ಬಳಿಯಲು, ಬೆಲ್ಟ್ ಬದಲಿಸಲು ಜಾಗವಿರುವುದಿಲ್ಲ. ಸ್ಪಿಂಡಲಿನ ಎಡಗಡೆ ಗೋಡೆಗೆ ತಾಗಿಸಬೇಡಿ, ಉದ್ದ ಸರಳು ಹೆಡ್‌ಸ್ಟಾಕಿನ ತೂತಿನಿಂದ ಹೊರಬರಬೇಕಾಗುತ್ತದೆ. ಅಲ್ಲಿ ಗೋಡೆಯಲ್ಲೊಂದು ಸಣ್ಣ ಕಿಟಕಿ ಬಂದರೆ ಇನ್ನೂ ಒಳ್ಳೆಯದು.

ಸಿವಿಲ್ ಕೆಲಸ, ವಿದ್ಯಾನಗರ

ನೆಲದ ಮಾತು ಬಂತು, ಮುಗಿಸಿಬಿಡುತ್ತೇನೆ. ಗಾಡಿ ನಿಲ್ಲುವ ಕಡೆ 6 ಇಂಚು, ಎಂ20 ದರ್ಜೆಯ ಕಾಂಕ್ರೀಟ್, 8 ಮಿಮೀ ಸರಳು 8 ಇಂಚಿಗೊಂದರಂತೆ ಎರಡೂ ದಿಕ್ಕಿಗೆ. ಗರಸಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ. ಇಡೀ 600 ಚದರಡಿಗೆ 6 ಇಂಚು ಅಂದರೆ 300 ಘನ ಅಡಿ, ಅಂದರೆ ಎಂಟೂವರೆ ಘನ ಮೀಟರ್. ಸಿಮೆಂಟು ಸುಮಾರು 68 ಚೀಲ. ಒಂದೇ ದಿನ ಸುರಿಯಲು ಜನ ಹೊಂದಿಸಿಕೊಳ್ಳಿ. 10 ಅಡಿಗೊಂದರಂತೆ ಕಟರ್‌ನಿಂದ ಒಂದೂವರೆ ಇಂಚು ಆಳ ಗೀರು ಹಾಕಿಸಿ, ಸುರಿದ ಮರುದಿನದೊಳಗೆ. ಕಾಂಕ್ರೀಟ್ ಒಡೆಯುವುದಿದ್ದರೆ ಆ ಗೀರಿನಲ್ಲೇ ಒಡೆಯುತ್ತದೆ.

ಗಾಡಿಯ ಭಾಗ ಬಾಗಿಲ ಕಡೆಗೆ 20 ಅಡಿಗೆ ಎರಡೂವರೆ ಇಂಚು ಇಳಿಜಾರು. ಕೆಲಸದ ಭಾಗ ಪೂರ್ತಿ ಮಟ್ಟ.

ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಈಗ ಸಿಗುವುದು ಬಹುತೇಕ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್. ಒಣ ಬಿಸಿಲಿನಲ್ಲಿ ಅದಕ್ಕೆ 14 ದಿನ ನೀರು ಬೇಕು ಎಂದು ಐಎಸ್ 456 ಹೇಳುತ್ತದೆ. ಬೆಳಿಗ್ಗೆ ಸಂಜೆ ಪೈಪು ಹಿಡಿದು ಹೋದರೆ ಅದು ಕ್ಯೂರಿಂಗ್ ಅಲ್ಲ. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ.

ಕೋಟೆ ಬಯಲು, ಚಿತ್ರದುರ್ಗ

ನಮ್ಮೂರಲ್ಲಿ ಬಂಡೆ ಇರೋ ಕಡೆ ಪಾಯದ ಚಿಂತೆ ಕಡಿಮೆ, ಎರಡಡಿ ತೋಡಿದರೆ ಗುದ್ದಲಿ ಕಿಡಿ ಕಾರುತ್ತದೆ. ನಮ್ಮ ಶತ್ರು ಗಾಳಿ. ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ನಿಮ್ಮಲ್ಲೂ ಭರಣಿ, ಕೃತ್ತಿಕೆ ಮಳೆ ಹೊತ್ತಿಗೆ ಬರುವ ಬಿರುಗಾಳಿ ಕಡಿಮೆಯೇನಲ್ಲ, ಪ್ರತಿ ವರ್ಷ ಯಾರದೋ ತಗಡು ಯಾರದೋ ಹೊಲದಲ್ಲಿ ಬಿದ್ದಿರುತ್ತದೆ.

ಜನ ಗಾಳಿ ಮೇಲಿಂದ ತಗಡು ಕೀಳುತ್ತದೆ ಅಂದುಕೊಂಡಿರುತ್ತಾರೆ. ಗ್ಯಾರೇಜಿನಲ್ಲಿ ಶಟರ್ ತೆರೆದಿದ್ದಾಗ ಗಾಳಿ ಒಳಗೆ ನುಗ್ಗಿ ಕೆಳಗಿನಿಂದ ಎತ್ತುತ್ತದೆ, ಮೇಲಿನ ಗಾಳಿ ಹೀರುತ್ತದೆ. ಎರಡೂ ಸೇರಿ ಬಲ ಹೆಚ್ಚುತ್ತದೆ. ಟ್ರಸ್ಸಿನ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು) ಕಾಲಿಗೆ ಕಂಬ ಸುರಿಯುವಾಗಲೇ ಬೋಲ್ಟ್ ಹೂತಿರಬೇಕು, ಆಮೇಲೆ ಕೊರೆದು ಕೂರಿಸುವುದಲ್ಲ. ಪರ್ಲಿನ್ (ತಗಡು ಕೂರುವ ಅಡ್ಡಪಟ್ಟಿ) ನಾಲ್ಕು ಅಡಿಗಿಂತ ದೂರ ಬೇಡ. ಸೂರಿನ ಅಂಚು ಮತ್ತು ನೆತ್ತಿಯಲ್ಲಿ ಪ್ರತಿ ದಿಬ್ಬಕ್ಕೂ ರಬ್ಬರ್ ವಾಷರ್ ಸಮೇತ ಸ್ಕ್ರೂ. ನಡುವೆ ಒಂದು ಬಿಟ್ಟು ಒಂದು ಆದರೂ ನಡೆಯುತ್ತದೆ. ಸೂರು ಹೊರಚಾಚು ಒಂದಡಿ ಸಾಕು.

ಸೈಟು ಪೂರ್ವಕ್ಕೆ ಮುಖ ಅಂದಿರಿ, ಗ್ಯಾರೇಜಿನ ಬಾಗಿಲೂ ಆ ಕಡೆಗೇ ಬರುತ್ತದೆ, ಬಹಳ ಒಳ್ಳೆಯದು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಮಧ್ಯಾಹ್ನದ ಬಿಸಿಲೂ ಆ ಕಡೆಯದೇ. ಪಶ್ಚಿಮದ ಗೋಡೆಗೆ ಕಿಟಕಿ ಕೊಡಬೇಡಿ.

ತಗಡು 0.5 ಮಿಮೀ ಬಣ್ಣದ ಲೇಪ ಇರುವುದು ತಗೊಳ್ಳಿ. ದುಡ್ಡು ಹೊಂದಿದರೆ 30 ಮಿಮೀ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಶಾಖ ತಡೆಯುವ ಫೋಮ್ ಇರುವುದು). ಏಪ್ರಿಲ್‌ನಲ್ಲಿ ಬರೀ ತಗಡಿನ ಕೆಳಗೆ ಮಧ್ಯಾಹ್ನ ಕೆಲಸ ಮಾಡಲು ಆಗುವುದಿಲ್ಲ, ವಯಸ್ಸಾದವರಿಗಂತೂ ಸಾಧ್ಯವೇ ಇಲ್ಲ. ಕಲ್ನಾರು ಶೀಟ್ ಅಗ್ಗ ಅಂತ ಹಾಕಬೇಡಿ. ಕೊರೆದಾಗ, ಒಡೆದಾಗ ಏಳುವ ನಾರು ಶ್ವಾಸಕೋಶಕ್ಕೆ ಹೋಗುತ್ತದೆ.

ಇನ್ನೊಂದು ವಿಚಾರ, ಮಳೆನೀರು. ಸೂರು ಸೇರಿ 22×32, ಅಂದರೆ 65 ಚದರ ಮೀಟರ್. ವರ್ಷಕ್ಕೆ 600 ಮಿಮೀ ಮಳೆ ಎಂದು ಹಿಡಿದು, ಐದರಲ್ಲಿ ಒಂದು ಭಾಗ ಸೋರಿ ಹೋಗುತ್ತದೆ ಅಂದರೂ 31,000 ಲೀಟರ್ ಬರುತ್ತದೆ. ಕೋಟೆಯೊಳಗೆ ಅಕ್ಕ-ತಂಗಿ ಹೊಂಡ ನೋಡಿ ಬೆಳೆದ ನಮಗೆ ಆ ನೀರು ಚರಂಡಿಗೆ ಹೋದರೆ ಹೊಟ್ಟೆ ಉರಿಯುತ್ತದೆ.

ಸಿವಿಲ್ ಕೆಲಸ, ವಿದ್ಯಾನಗರ

ನೀರು ಹಿಡಿಯಿರಿ, ಆದರೆ ಎರೆಯಲ್ಲಿ ತೊಟ್ಟಿ ಗ್ಯಾರೇಜಿಗೆ ಅಂಟಿಕೊಂಡಿರಬಾರದು. ಇಂಗುಗುಂಡಿಯಂತೂ ಕಟ್ಟಡದ ಪಕ್ಕ ಬೇಡವೇ ಬೇಡ. ಸೋರುವ ನಲ್ಲಿ, ಒಡೆದ ಚರಂಡಿ ಪೈಪು, ಗೋಡೆಗೆ ತಾಗಿ ಹಾಕುವ ಹೂಗಿಡಕ್ಕೆ ದಿನಾ ಬಿಡುವ ನೀರು, ಇವುಗಳಿಂದಲೇ ಒಂದು ಬದಿ ಉಬ್ಬಿ ಇನ್ನೊಂದು ಬದಿ ಒಣಗಿರುವುದು. ಸುತ್ತ ನಾಲ್ಕಡಿ ಅಗಲ ಕಾಂಕ್ರೀಟ್ ಏಪ್ರನ್, ಹೊರಗಡೆಗೆ ಇಳಿಜಾರು. ದೊಡ್ಡ ಮರ ಇದ್ದರೆ ಅದು ಬೆಳೆಯುವ ಎತ್ತರದಷ್ಟಾದರೂ ದೂರ ಇರಲಿ, ಬೇಸಿಗೆಯಲ್ಲಿ ಬೇರು ಮಣ್ಣಿನ ತೇವ ಎಳೆದು ಒಂದೇ ಕಡೆ ಕುಗ್ಗಿಸುತ್ತದೆ.

ವೈರಿಂಗ್ ಕೆಲಸ, ನಿಟ್ಟುವಳ್ಳಿ

ಕರೆಂಟ್ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ನೆಲ ಸುರಿಯುವ ಮುಂಚೆ ಪೈಪು ಹೂಳಬೇಕು, ಆದ್ದರಿಂದ ಈಗಲೇ ತೀರ್ಮಾನಿಸಿ.

ಲೇತಿನ ಮೋಟಾರು ತ್ರೀ ಫೇಸ್ ಇರುತ್ತದೆ. ಮನೆಗೆ ಸಿಂಗಲ್ ಫೇಸ್ ಇದ್ದರೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿ ತ್ರೀ ಫೇಸ್ ಕೇಳಿ. ಅದು ಬೇಡ ಅಂದರೆ ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಉಪಕರಣ) ಹಾಕಿ ಸಿಂಗಲ್ ಫೇಸಿನಲ್ಲೇ ಲೇತ್ ಓಡಿಸಬಹುದು, ವೇಗವೂ ಕೈಯಲ್ಲಿರುತ್ತದೆ. ಮನೆಯಿಂದ ಗ್ಯಾರೇಜಿಗೆ ಆರ್ಮರ್ಡ್ ಕೇಬಲ್ ಎರಡೂವರೆ ಅಡಿ ಆಳದಲ್ಲಿ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಆಮೇಲೆ ಮಣ್ಣು. ತೋಟ ಅಗೆಯುವವನ ಗುದ್ದಲಿ ಇಟ್ಟಿಗೆಗೆ ತಾಗಿ ನಿಲ್ಲಬೇಕು. ಜೊತೆಗೆ ಒಂದು ಖಾಲಿ ಪೈಪೂ ಹೂತುಬಿಡಿ. ನಾಳೆ ಏನಾದರೂ ಎಳೆಯಬೇಕಾದರೆ ಏಪ್ರನ್ ಒಡೆಯುವುದು ತಪ್ಪುತ್ತದೆ.

ಗ್ಯಾರೇಜಿನಲ್ಲೇ ಬೇರೆ ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ). 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಕಡ್ಡಾಯ. ಒದ್ದೆ ನೆಲದಲ್ಲಿ ಗ್ರೈಂಡರ್ ಹಿಡಿಯುವ ಜಾಗ ಅದು. ವೆಲ್ಡಿಂಗಿಗೆ 32 ಆಂಪಿಯರ್‌ನ ಬೇರೆ ಲೈನು, 6 ಚದರ ಮಿಮೀ ತಾಮ್ರದ ವೈರು. ಮೋಟಾರಿನ ಹೊರಮೈಗೆ ಎರಡು ಪ್ರತ್ಯೇಕ ಅರ್ಥಿಂಗ್. ಎರೆಯಲ್ಲಿ ಅರ್ಥಿಂಗ್ ಚೆನ್ನಾಗಿ ಸಿಗುತ್ತದೆ, ಆದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬೇಗ ತುಕ್ಕು ಹಿಡಿಯುತ್ತದೆ, ತಾಮ್ರ ಲೇಪಿಸಿದ ರಾಡ್ ಹಾಕಿ. ದುರ್ಗದ ಬಂಡೆ ನೆಲದವರಿಗೆ ಇದರ ಉಲ್ಟಾ, ಅವರಿಗೆ ಅರ್ಥಿಂಗೇ ಕಷ್ಟ.

ಎರಡು ಅಪಾಯ ಹೇಳಿಬಿಡುತ್ತೇನೆ. ಲೈನಿನಲ್ಲಿ ರಿಪೇರಿ ಆದ ಮೇಲೆ ಕೆಲವೊಮ್ಮೆ ಫೇಸ್ ಅದಲುಬದಲು ಆಗಿ ಬರುತ್ತದೆ, ಮೋಟಾರು ಹಿಂದಕ್ಕೆ ತಿರುಗುತ್ತದೆ. ಹಳೇ ಲೇತಿನ ಚಕ್ಕು (ಕೆತ್ತುವ ತುಂಡನ್ನು ಹಿಡಿಯುವ ಭಾಗ) ತಿರುಪಿನಿಂದ ಕೂತಿದ್ದರೆ ಬಿಚ್ಚಿಕೊಂಡು ಹಾರಬಹುದು. ಫೇಸ್ ಸರದಿ ನೋಡುವ ರಿಲೇ ಹಾಕಿಸಿ. ಇನ್ನೊಂದು, ಮಿನುಗುವ ಬೆಳಕಿನಲ್ಲಿ ತಿರುಗುವ ಚಕ್ಕು ನಿಂತ ಹಾಗೆ ಕಾಣಿಸುವುದುಂಟು. ಲೇತಿನ ಮೇಲೆ ಒಳ್ಳೆ ಡ್ರೈವರ್ ಇರುವ ಎಲ್‌ಇಡಿ ಹಾಕಿ, ಎರಡು ಟ್ಯೂಬಿಗೆ ಎರಡು ಬೇರೆ ಫೇಸ್ ಕೊಡಿ.

ಹದಡಿ ರಸ್ತೆ, ದಾವಣಗೆರೆ

ಅಪ್ಪಾಜಿಗೆ ಓದಿ ಹೇಳಿದೆ. ಚಕ್ಕಿನ ವಿಚಾರಕ್ಕೆ "ಹೌದು, ಸರಿ ಹೇಳ್ಯಾರೆ" ಅಂದು ಸುಮ್ಮನಾದರು. ಗೃಹಜ್ಯೋತಿ ಬಗ್ಗೆಯೂ ಒಂದು ಪ್ರಶ್ನೆ. ಈಗ ನಮ್ಮ ಬಿಲ್ ಶೂನ್ಯ ಬರುತ್ತದೆ. ಮುಂದಿನ ವರ್ಷ ಎಲೆಕ್ಟ್ರಿಕ್ ಸ್ಕೂಟರ್ ಕೂಡ ಬರಲಿದೆ. ಎಲ್ಲ ಒಂದೇ ಮೀಟರಿನಲ್ಲಿ ಇಟ್ಟರೆ?

ವೈರಿಂಗ್ ಕೆಲಸ, ನಿಟ್ಟುವಳ್ಳಿ

ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ ಸರ್, ದಾಟಿದ ಭಾಗಕ್ಕೆ ಮಾತ್ರ ಅಲ್ಲ. ವಾರಕ್ಕೆರಡು ದಿನ ವೆಲ್ಡಿಂಗ್, ಸ್ವಲ್ಪ ಲೇತ್ ಅಂದರೆ ಹೆಚ್ಚೇನೂ ಆಗುವುದಿಲ್ಲ. ಗ್ಯಾರೇಜಿನ ಡಿಬಿಗೆ ಒಂದು ಸಣ್ಣ ಸಬ್ ಮೀಟರ್ ಹಾಕಿ ಕಣ್ಣಿಡಿ. ಒಂದು ಎಚ್ಚರಿಕೆ: ಮನೆ ಬಳಕೆಯ ಸಂಪರ್ಕದಲ್ಲಿ ಹೊರಗಿನವರ ಕೆಲಸ ದುಡ್ಡಿಗೆ ಮಾಡಿಕೊಡುವ ಹಾಗಿಲ್ಲ. ಹಾಗೆ ಮಾಡುವುದಾದರೆ ಬೇರೆ ದರದ ಬೇರೆ ಸಂಪರ್ಕ ತೆಗೆದುಕೊಳ್ಳಿ.

ಸೋಲಾರ್ ಯೋಚನೆ ಇದ್ದರೆ ಟ್ರಸ್ ಮಾಡಿಸುವಾಗಲೇ ಆ ಭಾರ ಸೇರಿಸಿ ಹೇಳಿ. ಪಿಎಂ ಸೂರ್ಯಘರ್‌ನಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಕ್ಕೆ ಒಟ್ಟು 78,000 ಸಹಾಯಧನ ಇದೆ.

ಮರಗೆಲಸ, ಹೊಳಲ್ಕೆರೆ

ನಾನು ಮನೆ ಹಿಂದಿನ ಶೆಡ್ಡಿನಲ್ಲಿ ಪೀಠೋಪಕರಣ ಮಾಡುವವಳು. ಅಣ್ಣ, ನೀವು ಮರಗೆಲಸವನ್ನೂ ಸೇರಿಸಿದ್ದೀರಿ, ಆದರೆ ಇಲ್ಲಿ ಎಲ್ಲರೂ ಕಬ್ಬಿಣದ ಲೆಕ್ಕದಲ್ಲೇ ಮಾತಾಡುತ್ತಿದ್ದಾರೆ. ಗ್ರೈಂಡರಿನ ಕಿಡಿ ಮತ್ತು ಮರದ ಹುಡಿ ಒಂದೇ ಕೋಣೆಯಲ್ಲಿ ಇರಕೂಡದು. ಕಿಡಿ ಹುಡಿಯೊಳಗೆ ಬಿದ್ದು ಹೊಗೆಯಾಡುತ್ತ ಗಂಟೆಗಟ್ಟಲೆ ಇದ್ದು, ನೀವು ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಬೈಕುಗಳ ಪೆಟ್ರೋಲ್ ಬೇರೆ ಅಲ್ಲೇ. ಮರಕ್ಕೆ ಒಂದು ಮೂಲೆ ಗೋಡೆ ಹಾಕಿ ಬೇರ್ಪಡಿಸಿ. ವೆಲ್ಡಿಂಗ್ ಶಟರ್ ಹತ್ತಿರ ಮಾಡಿ, ಹೊಗೆ ಹೊರಗೆ ಹೋಗುತ್ತದೆ. 6 ಕೆಜಿಯ ಎಬಿಸಿ ಪುಡಿಯ ಅಗ್ನಿಶಾಮಕವನ್ನು ಸಣ್ಣ ಬಾಗಿಲ ಪಕ್ಕ ತೂಗುಹಾಕಿ, ಒಳಮೂಲೆಯಲ್ಲಲ್ಲ. ಬೆಂಕಿ ಬಿದ್ದಾಗ ನೀವು ಓಡುವುದು ಬಾಗಿಲ ಕಡೆಗೆ.

ಸಣ್ಣ ಬಾಗಿಲು ಅಂದೆ. ಶಟರ್ ಒಂದೇ ನೆಚ್ಚಿಕೊಳ್ಳಬೇಡಿ. ಮನೆಯ ಕಡೆಗೆ ಮೂರಡಿ ಬಾಗಿಲು ಬೇಕೇ ಬೇಕು, ಹೊರಕ್ಕೆ ತೆರೆಯುವಂಥದ್ದು.

ಬೆಳಕು ಉತ್ತರದಿಂದ ತಗೊಳ್ಳಿ. ಕಿಟಕಿಗಳನ್ನು ಏಳಡಿ ಮೇಲೆ ಉದ್ದುದ್ದ ಸಾಲಾಗಿ ಕೊಟ್ಟರೆ ಕೆಳಗಿನ ಗೋಡೆ ಪೂರ್ತಿ ಸಾಮಾನು ತೂಗುಹಾಕಲು ಸಿಗುತ್ತದೆ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಬೆಂಚಿನ ಎತ್ತರ ಅವರಿವರು ಹೇಳಿದ ಇಂಚಿಗೆ ಮಾಡಬೇಡಿ, ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ. ಅಪ್ಪಾಜಿಗೆ ಬೇರೆ, ನಿಮಗೆ ಬೇರೆ ಆಗಬಹುದು.

ಮತ್ತೆ, ಶಟರ್ ಹಾಕಿಕೊಂಡು ಎಂಜಿನ್ ಓಡಿಸುವುದು ಯಾವ ಕಾಲಕ್ಕೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ.

ಪಿ.ಜೆ. ಬಡಾವಣೆ

ನಡುವೆ ಒಂದು ಮಾತು. ಗಾಡಿ ಕೆಳಗೆ ಕೆಲಸ ಮಾಡಲು ಗುಂಡಿ ತೋಡಿಸುವುದಿಲ್ಲವೇ? ಹಳೇ ಗ್ಯಾರೇಜುಗಳಲ್ಲೆಲ್ಲ ಇತ್ತು.

ಸಿವಿಲ್ ಕೆಲಸ, ವಿದ್ಯಾನಗರ

ಎರೆಯಲ್ಲಿ ಬೇಡ. ಹತ್ತಿರದಲ್ಲಿ ನಾಲೆ ಇದೆ, ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ಒಸರುತ್ತದೆ, ಪಕ್ಕದ ಗೋಡೆಗಳನ್ನು ಮಣ್ಣು ಒಳಕ್ಕೆ ತಳ್ಳುತ್ತದೆ.

ಲೇತ್ ಮತ್ತು ಫಿಟ್ಟಿಂಗ್, ಹರಿಹರ

ನನ್ನ ಮಾತೂ ಅದೇ, ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಹೋಗಿ ಕೂರುತ್ತದೆ. ಅದರೊಳಗೆ ಹ್ಯಾಂಡ್‌ಲ್ಯಾಂಪ್ ಹಿಡಿದು ಇಳಿಯುವುದು ಅಪಾಯ. ಕಬ್ಬಿಣದ ರ‍್ಯಾಂಪ್ ಜೋಡಿ ನೀವೇ ವೆಲ್ಡ್ ಮಾಡಿಕೊಳ್ಳಿ, ಗಾಡಿ ಹತ್ತಿಸಿ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಕೆಲಸ ಮಾಡಿ.

ನಕ್ಷೆ ಮತ್ತು ಪರವಾನಗಿ, ದಾವಣಗೆರೆ

ತಡವಾಗಿ ನೋಡಿದೆ. ಹಿಂದಿನ ಜಾಗ, ತಗಡಿನ ಚಾವಣಿ ಅಂದರೆ ಪರವಾನಗಿ ಬೇಕಿಲ್ಲ ಅಂತ ಅನೇಕರು ನಂಬಿದ್ದಾರೆ. ಕಾಂಕ್ರೀಟ್ ಕಂಬ, ಗೋಡೆ ಬಂದ ಮೇಲೆ ಅದು ಕಟ್ಟಡವೇ. ನಿಮ್ಮ ಬಡಾವಣೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿತವೇ, ಜಾಗ ಪಾಲಿಕೆಗೆ ಬರುತ್ತದೋ ಪಂಚಾಯಿತಿಗೋ ಮೊದಲು ನೋಡಿಕೊಳ್ಳಿ. ಇ-ಖಾತಾ ಸರಿ ಇರಲಿ. ಮನೆಯ ಮಂಜೂರಾದ ನಕ್ಷೆಯಲ್ಲಿ ತೋರಿಸಿದ ಹಿಂಬದಿ, ಪಕ್ಕದ ಖಾಲಿ ಜಾಗದೊಳಗೆ ಗ್ಯಾರೇಜು ಬರುವುದಾದರೆ ನಕ್ಷೆ ಪರಿಷ್ಕರಿಸಿ ಪರವಾನಗಿ ತಗೊಳ್ಳಿ. ಕಾಂಪೌಂಡಿಗೆ ತಾಗಿಸಿ ಕಟ್ಟಬೇಡಿ. ಸೂರಿನ ನೀರು ಪಕ್ಕದವರ ಜಾಗಕ್ಕೆ ಬಿದ್ದರೆ ಆ ಜಗಳ ವರ್ಷಗಟ್ಟಲೆ ಮುಗಿಯುವುದಿಲ್ಲ. ರಾತ್ರಿ ಹೊತ್ತು ಗ್ರೈಂಡರ್ ಬೇಡ ಅನ್ನುವುದನ್ನು ನಾನು ಬೇರೆ ಹೇಳಬೇಕಿಲ್ಲ.

ಹದಡಿ ರಸ್ತೆ, ದಾವಣಗೆರೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ತೀರ್ಮಾನ ಹೀಗಿದೆ.

ಗಾಡಿಯ ಭಾಗ ಉತ್ತರಕ್ಕೆ, 12×20, ದಾರಿಯ ನೇರಕ್ಕೇ ಶಟರ್, ತಿರುವು ಬೇಕಿಲ್ಲ. ಮೂಲೆ ವಾಯವ್ಯ ಆಗುತ್ತದೆ, ವಾಸ್ತು ನೋಡುವ ಅಮ್ಮನಿಗೂ ಸಮಾಧಾನ. ಉಳಿದ 18×20ರಲ್ಲಿ ಲೇತ್ ದಕ್ಷಿಣದ ಗೋಡೆ ಹತ್ತಿರ, ಹಿಂದೆ ಎರಡಡಿ ಬಿಟ್ಟು. ಮರಗೆಲಸಕ್ಕೆ ಹಿಂಬದಿಯ ಮೂಲೆಯಲ್ಲಿ 8×10 ಕೋಣೆ, ನಡುವೆ ಗೋಡೆ. ಎಂಟು ಪೈಲು, ಬೀಮಿನ ಕೆಳಗೆ ಸಂದು, ಮೂರಡಿ ಗರಸು. ಇವುಗಳ ಖರ್ಚಿಗಾಗಿ ಗೋಡೆಗೆ ಹೊರಗಿನ ಪ್ಲಾಸ್ಟರ್ ಈ ವರ್ಷ ಬಿಟ್ಟಿದ್ದೇನೆ, ಸಿಮೆಂಟ್ ಬ್ಲಾಕ್ ಹಾಗೇ ಇರಲಿ. ಪಫ್ ಪ್ಯಾನೆಲ್ ಮಾತ್ರ ಬಿಡುವುದಿಲ್ಲ, ಅಪ್ಪಾಜಿ ಬೇಸಿಗೆಯಲ್ಲೂ ಅಲ್ಲೇ ಇರುತ್ತಾರೆ. ಪರವಾನಗಿಗೆ ನಕ್ಷೆ ಮಾಡಿಸಲು ಕೊಟ್ಟಿದ್ದೇನೆ.

ಎರಡು ಸಂದೇಹ ಉಳಿದಿವೆ. ಕೆಲಸ ಯಾವಾಗ ಶುರು ಮಾಡಲಿ? ಶಟರ್ ಅಗಲ ಎಂಟಡಿ ಸಾಕೇ?

ಸಿವಿಲ್ ಕೆಲಸ, ವಿದ್ಯಾನಗರ

ಸ್ವಾತಿ ಮಳೆ ಮುಗಿದು ಮಣ್ಣು ಸ್ವಲ್ಪ ಆರಿದ ಮೇಲೆ, ನವೆಂಬರ್ ಕೊನೆಗೆ ಪೈಲು ಕೊರೆಸಿ. ಆಗ ಮಣ್ಣಿನ ತೇವ ನಡುಮಟ್ಟದಲ್ಲಿರುತ್ತದೆ, ಬಾವಿಯ ಬದಿಯೂ ಕುಸಿಯುವುದಿಲ್ಲ. ಗರಸು ಡಿಸೆಂಬರ್, ನೆಲ ಜನವರಿ. ಏಪ್ರಿಲ್, ಮೇಯಲ್ಲಿ ಬಿರುಕು ಬಿಟ್ಟು ಪೂರ್ತಿ ಕುಗ್ಗಿದ ಎರೆಯ ಮೇಲೆ ನೆಲ ಹಾಕಿದರೆ ಮೊದಲ ಮುಂಗಾರಿಗೇ ಅದು ತಳ್ಳಲು ಶುರು ಮಾಡುತ್ತದೆ. ಪೈಲಿಗೆ ಗಡ್ಡೆ ತೆಗೆಯುವಾಗ ನೀವೇ ನಿಂತು ನೋಡಿ. ಆಗರ್ ಜೊತೆ ಬಕೆಟ್‌ನಲ್ಲಿ ಮೇಲೆ ಬರುವ ಮಣ್ಣಿನ ಲೆಕ್ಕ ಇಟ್ಟರೆ ಗಡ್ಡೆ ಸರಿಯಾಗಿ ಹಿಗ್ಗಿದೆಯೋ ಇಲ್ಲವೋ ತಿಳಿಯುತ್ತದೆ. ಕೊರೆದ ದಿನವೇ ಕಾಂಕ್ರೀಟ್ ತುಂಬಿಸಿ, ರಾತ್ರಿ ತೆರೆದಿಡಬೇಡಿ.

ಕೋಟೆ ಬಯಲು, ಚಿತ್ರದುರ್ಗ

ಶಟರ್ ಹತ್ತಡಿ ಅಗಲ, ಎಂಟಡಿ ಎತ್ತರ ಮಾಡಿ. ಬೊಲೆರೊ ಕನ್ನಡಿ ಸೇರಿ ಆರಡಿ ಮೀರುತ್ತದೆ, ಬಾಗಿಲು ತೆರೆದು ಇಳಿಯಲೂ ಜಾಗ ಬೇಕು. ಸುರುಳಿ ಕೂರಲು ಮೇಲೆ ಒಂದೂಕಾಲಡಿ ಬಿಡಿ, ಅಂದರೆ ಸೂರಿನ ಕಡೆ ಗೋಡೆ ಎತ್ತರ ಹತ್ತಡಿಗಿಂತ ಕಡಿಮೆ ಬರದಿರಲಿ. ಗಾಳಿಗೆ ಪಟ್ಟಿ ಹಳಿಯಿಂದ ಕಿತ್ತು ಬರದಂತೆ ಎರಡೂ ಬದಿಯ ಹಳಿ ಆಳವಾಗಿರುವುದನ್ನೇ ಹೇಳಿ ಮಾಡಿಸಿ.

ಮೇಸ್ತ್ರಿ ಮನೆತನ, ಹರಿಹರ

ಗರಸು ಬಡಿಯೋ ದಿನ ಫೋಟೋ ಹಾಕ್ರಿ ಅಣ್ಣ, ಪದರ ಆರಿಂಚಿಗಿಂತ ದಪ್ಪ ಆಗೇತೋ ಇಲ್ಲೋ ನೋಡಿ ಹೇಳ್ತೀನಿ. ಮೊದಲ್ನೇ ಪದರ ಬಡಿದ ಮೇಲೆ ಒಂದು 12 ಮಿಮೀ ಸರಳು ಕೈಲಿ ಒತ್ತಿ ನೋಡ್ರಿ. ಸುಲಭಕ್ಕ ಇಳದ್ರೆ ಮತ್ತೆ ನೀರು ಚಿಮುಕಿಸಿ ಬಡಿಸ್ರಿ, ಎರಡನೇ ಪದರ ಹಾಕಬ್ಯಾಡ್ರಿ.